ಮೇಷ್ಟ್ರ ಸ್ವರ

"ಸ್ತೋತ್ರ ಮಗಳೇ. ಕಾಫಿ ಕುಡಿದೆಯಾ?"

ಫೋನಿನಲ್ಲಿ ಅಪ್ಪನ ದನಿ. ಸಂಧ್ಯಾ ತಲೆಯೆತ್ತಿ ನೋಡಿದಳು. ಅಪ್ಪ ಅವಳ ಎದುರಿನ ಆಸ್ಪತ್ರೆ ಮಂಚದ ಮೇಲೇ ಇದ್ದರು, ಗಂಟಲಿಗೆ ನಳಿಗೆ ಹಾಕಿಸಿಕೊಂಡು, ಹನ್ನೊಂದು ದಿನದಿಂದ ಒಂದಕ್ಷರವೂ ಆಡದೆ.

"ಯಾ... ಯಾರು?"

"ಹೆದರ್ಬಿಟ್ಯಾ? ನಾನ್ ಕಣೇ, ಚನ್ನೇಶ. ಒಸಿ ನಗ್ಲಿ ಅಂತ ಮಾಡ್ದೆ."

"ನಗೋದಾ? ಜೀವ ಬಾಯಿಗ್ ಬಂತು! ಮನುಷ್ಯನೇನೋ ನೀನು?"

ಚನ್ನೇಶ್ ಮನುಷ್ಯನೇ, ಆದರೆ ಒಬ್ಬನಲ್ಲ. ಶಿರಾ ಗೇಟಿನ ಅಂಗಡಿಗಳ ಜಾಹೀರಾತಿಗೆ ದನಿ ಕೊಡುವುದು ಅವನ ಕಸುಬು. ಸೀರೆಗೊಂದು ದನಿ, ಚಪ್ಪಲಿಗೊಂದು ದನಿ. ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಅವನು ಸಂಧ್ಯಾಳ ಅಪ್ಪ ಸತ್ಯದಾಸ್ ಮೇಷ್ಟ್ರ ಶಿಷ್ಯ. ಅವರನ್ನೇ ಅಣಕಿಸಿ ಅರ್ಧ ವರ್ಷ ಬೆಂಚಿನ ಮೇಲೆ ನಿಂತವನು. ಈಗ ಎರಡು ವರ್ಷದಿಂದ ಆ ಮೇಷ್ಟ್ರ ಮಗಳನ್ನು ಪ್ರೀತಿಸುತ್ತಿದ್ದಾನೆ. ಅದು ಮೇಷ್ಟ್ರಿಗೆ ಗೊತ್ತಿಲ್ಲ.

ಗುಬ್ಬಿಯ ಚರ್ಚಿನಲ್ಲಿ ಮೈಕಿಲ್ಲದೆ ಪ್ರಸಂಗ ಮಾಡುತ್ತಿದ್ದ ಮೇಷ್ಟ್ರಿಗೆ ಈಗ ಗುಬ್ಬಚ್ಚಿಯಷ್ಟೂ ಸ್ವರವಿರಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. "ಹಾರ್ಟ್ ವೀಕಿದೆ. ಏನೂ ಹೇಳೋಕಾಗಲ್ಲ" ಎಂದಿದ್ದರು ಡಾಕ್ಟರು. ಪಕ್ಕದ ಮಂಚ ಬೆಳಿಗ್ಗೆಯೇ ಖಾಲಿಯಾಗಿತ್ತು. ಹಾಸಿಗೆ ಸುರುಳಿ ಸುತ್ತಿ ನಿಲ್ಲಿಸಿದ್ದರು. ಕಿಟಕಿಯಾಚೆ ಮೋಡದಡಿಯಲ್ಲಿ ಹದ್ದುಗಳು ಸುತ್ತುತ್ತಿದ್ದವು. ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿತು. ಮೂರು ತಲೆಮಾರಿನ ಕ್ರೈಸ್ತ ಮನೆತನವಾದರೂ ಅಮ್ಮನ ಬೆರಳು ತಾನಾಗಿ ಬೆಂಚನ್ನು ಟಕಟಕ ತಟ್ಟಿತು. ಆಮೇಲೆ ನಾಚಿ ಸೆರಗಿನೊಳಗೆ ಸೇರಿಕೊಂಡಿತು.

ಆಗಲೇ ಅಪ್ಪ ಸ್ಲೇಟಿನ ಮೇಲೆ ಬರೆದು ತೋರಿಸಿದ್ದರು: "ನಾನು ಒಳಗೆ ಹೋಗುವ ಮುಂಚೆ ಪ್ರಾರ್ಥನೆ ಮಾಡು ಮಗಳೇ. ಕೇಳಬೇಕು."

ಅವಳು ಬಾಯಿ ತೆರೆದಿದ್ದಳು. ಏನೂ ಬಂದಿರಲಿಲ್ಲ. ಹನ್ನೊಂದು ದಿನವೂ ದೇವರನ್ನು ಬೇಡಿದ್ದಳು; ಬೇಡಿದಂತೆಲ್ಲ ರಿಪೋರ್ಟು ಕೆಡುತ್ತಾ ಹೋಗಿತ್ತು. ಫೋನ್ ಎತ್ತದವನಿಗೆ ಎಷ್ಟು ಸಲ ಅಂತ ರಿಂಗ್ ಮಾಡುವುದು? ಅಪ್ಪ ಕೇಳಿದ ಕೊನೆಯದೊಂದನ್ನೂ ಕೊಡದೆ ಕಳಿಸಿಬಿಡುತ್ತೇನೇನೋ ಎಂದುಕೊಳ್ಳುತ್ತಾ ಅವಳು ಫೋನನ್ನು ಕಿವಿಗೊತ್ತಿಕೊಂಡಳು.

"ಚನ್ನೇಶ್, ಈಗ್ಲೇ ಬಾ. ಅಪ್ಪನ ದನೀಲಿ ನೀನೇ ಪ್ರಾರ್ಥನೆ ಮಾಡು. ನನ್ ಕೈಲಿ ಆಗ್ತಿಲ್ಲ ಕಣೋ."

ಅವನು ಬಂದ. ಹೆಲ್ಮೆಟ್ ತೆಗೆದಾಗ ಹಣೆಗೆ ಅಂಟಿದ ಕೂದಲು, ಅದರಡಿಯಲ್ಲಿ ವಿಭೂತಿಯ ಮಾಸಿದ ಗೆರೆ. ಕಣ್ಣು ಮಾತ್ರ ನೇರ ಅವಳ ಕಣ್ಣಿಗೆ ಬಂದು, ಕೆಂಪಾದ ರೆಪ್ಪೆಯ ಮೇಲೆ ಒಂದು ಕ್ಷಣ ನಿಂತು, ಏನೂ ಗೊತ್ತಿಲ್ಲದ ಹಾಗೆ ಮಂಚದ ಕಡೆ ಹೊರಳಿತು.

"ನಮಸ್ಕಾರ ಸಾರ್."

ಕೈಜೋಡಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ಪರಲೋಕದಲ್ಲಿರುವ ನಮ್ಮ ತಂದೆಯೇ..." ಅದೇ ಗಡಸು, ಅದೇ ಎಳೆತ. ಅಮ್ಮ ಕಣ್ಣು ಮುಚ್ಚಿಕೊಂಡರು. ಬದುಕಿರುವವರ ದನಿ ಇನ್ನೊಬ್ಬರ ಬಾಯಲ್ಲಿ ಕೇಳಬಾರದು.

ಮೇಷ್ಟ್ರು ಕೈ ಎತ್ತಿ ತಡೆದರು. ಸ್ಲೇಟಿನಲ್ಲಿ ಬರೆದರು: "ಇದು ನನ್ನದು. ನಿನ್ನದು ಎಲ್ಲಿ?"

ನೂರು ದನಿ ಇದ್ದವನಿಗೆ ಸ್ವಂತದ್ದು ಹುಡುಕಲು ಹೊತ್ತು ಹಿಡಿಯಿತು. ಕೊನೆಗೆ ಬಂದದ್ದು ಸಣ್ಣದು, ನಡುಗುವಂಥದ್ದು.

"ಸ್ವಾಮಿ... ನಮ್ದು ಲಿಂಗ ಕಟ್ಟೋರ ಮನೆ. ನಿಮ್ ಹತ್ರ ಹೆಂಗ್ ಮಾತಾಡ್ಬೇಕೋ ಗೊತ್ತಿಲ್ಲ. ಇವಳು ನಿಮ್ ಮೇಲೆ ಮುನಿಸ್ಕೊಂಡವ್ಳೆ. ನಿಮ್ಮನ್ನ ನಂಬಿರೋಳು, ಅದಕ್ಕೇ ಮುನಿಸು. ಮೇಷ್ಟ್ರನ್ನ ವಾಪಸ್ ಕಳ್ಸಿ. ಆಮೇ..."

"ಆಮೆನ್!" ಎಂದರು ಅಮ್ಮ, ಕಣ್ಣು ಮುಚ್ಚಿಕೊಂಡೇ.

"ಆಮೆನ್ ಅಲ್ಲ ಆಂಟಿ. ಆಮೇಲೆ ಅನ್ನೋಕ್ ಹೋದೆ. ಇನ್ನೂ ಇತ್ತು."

ಮೇಷ್ಟ್ರ ಭುಜ ಕುಣಿಯಿತು. ನಗು ನಳಿಗೆಯಲ್ಲಿ ಸಿಳ್ಳೆಯಾಯಿತು. ನರ್ಸ್ ಗದರಿದಳು. ಅವರು ಬರೆದರು: "ಆಮೇಲೆ ಏನು?"

ಚನ್ನೇಶ್ ಸಂಧ್ಯಾಳನ್ನು ನೋಡಿದ. ಈ ಸಲ ಕಣ್ಣು ಹೊರಳಲಿಲ್ಲ. "ಆಮೇಲೆ... ಇವಳನ್ನ ಕೊಡಿ ಅಂತ ನಿಮ್ಮನ್ನ ಕೇಳ್ಬೇಕಿತ್ತು ಸಾರ್."

ಸ್ಟ್ರೆಚರ್ ಬಂದು ಬಾಗಿಲಲ್ಲಿ ನಿಂತಿತ್ತು. ಬಳಪ ನಿಧಾನವಾಗಿ ಆಡಿತು, ಕನ್ನಡ ಮೇಷ್ಟ್ರ ಗುಂಡು ಅಕ್ಷರ: "ನಾನು ಸ್ವರ ಬೇಡಿದ್ದೆ. ದೇವರು ವರನನ್ನು ಕಳಿಸಿದ್ದಾನೆ."

ಓದಿ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಸ್ಟ್ರೆಚರ್ ಉರುಳಿತು. ಅಪ್ಪನ ಕಣ್ಣು ಮಗಳ ಮೇಲೇ ಇತ್ತು, ಇನ್ನೂ ಕಾಯುತ್ತಾ. ಸಂಧ್ಯಾ ಪಕ್ಕದಲ್ಲೇ ಓಡಿದಳು. ಥಿಯೇಟರಿನ ಬಾಗಿಲ ಹತ್ತಿರ ಅವರ ಕೈ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, ಒರಟಾಗಿ ಹೇಳಿದಳು:

"ಕರ್ತನೇ, ನಿನ್ ಮೇಲೆ ಸಿಟ್ಟಿದೆ. ಕೇಳಿಸ್ಕೊತೀಯೋ ಇಲ್ವೋ ಗೊತ್ತಿಲ್ಲ. ಆದ್ರೂ ಅಪ್ಪನ್ನ ನಿನ್ ಕೈಗೇ ಕೊಡ್ತಿದೀನಿ. ಇನ್ಯಾರ್ ಕೈಗೆ ಕೊಡ್ಲಿ?"

ಅಪ್ಪ ಅವಳ ಬೆರಳು ಒತ್ತಿ ಬಿಟ್ಟರು. ಬಾಗಿಲು ಮುಚ್ಚಿತು.

ಅವಳ ಖಾಲಿ ಕೈಯನ್ನು ಚನ್ನೇಶ್ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಅಮ್ಮ ಅದನ್ನು ನೋಡಿದರು. ಮುಚ್ಚಿದ ಬಾಗಿಲನ್ನೂ ನೋಡಿದರು. ಆಮೇಲೆ ಅಲ್ಲಿದ್ದ ಬೆಂಚಿನ ಮೇಲೆ ಕೂತು, ತುದಿಗೆ ಸರಿದು ಜಾಗ ಮಾಡಿದರು.

"ನಿಂತೇ ಇರ್ತೀಯೇನಪ್ಪಾ? ಕೂತ್ಕೊ. ಭಾಳ ಹೊತ್ತಾಗುತ್ತಂತೆ."