ಮೇಲಿನ ಕೋಣೆಯ ಎರಡನೆಯ ಬಾಡಿಗೆದಾರ

"ಅಂಕಲ್, ನನ್ನ ಸೋಪಿನ ಮೇಲೆ ಯಾರದ್ದೋ ಕೂದಲು!"

ಬಾಗಿಲಲ್ಲಿ ನಿಂತಿದ್ದವಳು ಪಕ್ಕದ ಕೋಣೆಯ ಹುಡುಗಿ. ಕೆಳಗಿನ ಪೇಟೆಬೀದಿಯ ಕನ್ನಡಕದಂಗಡಿಯಲ್ಲಿ ಅವಳಿಗೆ ಕೆಲಸ. ಕಾಗದದಲ್ಲಿ ಸುತ್ತಿ ತಂದಿದ್ದ ಸೋಪನ್ನು ಬಿಚ್ಚಿ ತೋರಿಸಿದಳು. ಬಾಯಿಗೆ ಹೋಗುತ್ತಿದ್ದ ಬ್ರೆಡ್ಡನ್ನು ನಾನು ತಟ್ಟೆಗೆ ಹಾಕಿದೆ. ಥೂ! ನಮ್ಮ ಭಾವ ಮಾತ್ರ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಕೆಲಸದಲ್ಲಿದ್ದಷ್ಟು ಕಾಲ ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡಿದವರು ಅವರು, ಹೊಟ್ಟೆ ಗಟ್ಟಿ. ಈ ಕಟ್ಟಡದಲ್ಲಿ ಏನು ಕಳುವಾದರೂ ಜನ ಹುಡುಕಿಕೊಂಡು ಬರುವುದು ಅವರನ್ನೇ.

ಹುಡುಗಿ ಬಿಕ್ಕುತ್ತಾ ಹೇಳಿದಳು. ಕೆಲಸದಿಂದ ಬಂದಾಗೆಲ್ಲ ಟವೆಲು ಒದ್ದೆ, ಹಾಸಿಗೆ ಮುದ್ದೆ. ತನಗೇ ಭ್ರಮೆ ಅಂದುಕೊಂಡಿದ್ದಳಂತೆ. ಇಂದು ನೀರು ಸೋರುತ್ತದೆಂದು ಮನೆಯೊಡತಿ ಕೋಣೆ ತೆರೆದಿದ್ದಾಳೆ, ಬೇಸಿನ್ನಿನಲ್ಲಿ ಗಡ್ಡದ ಚೂರು ಕಂಡಿದ್ದಾಳೆ.

"ಅಂಗಡಿಯಿಂದ ಕರೆಸಿ, ಎಲ್ಲರೆದುರು 'ಗಂಡಸರನ್ನ ಇಟ್ಕೊಂಡಿದೀಯ, ನಾಳೆನೇ ಜಾಗ ಖಾಲಿ ಮಾಡು' ಅಂದ್ರು. ಅಣ್ಣನಿಗೆ ಫೋನ್ ಮಾಡ್ತಾರಂತೆ. ಅಣ್ಣ ನನ್ನ ಮಾತು ಕೇಳೋನಲ್ಲ ಅಂಕಲ್, ಕೆಲ್ಸ ಬಿಡ್ಸಿ ಊರಿಗೆ ಕರ್ಕೊಂಡು ಹೋಗ್ತಾನೆ."

"ಸಂಜೆವರೆಗೂ ಫೋನ್ ಮಾಡ್ಬೇಡಿ ಅಂತ ನಾನು ಹೇಳ್ತೀನಿ. ನಡಿಯಮ್ಮ, ನೋಡೋಣ," ಎಂದು ಭಾವ ಎದ್ದರು.

ಸ್ಟುಡಿಯೋ ಅಪಾರ್ಟ್‌ಮೆಂಟು ಅಂತ ಬೋರ್ಡು ಹಾಕಿದ್ದಾರೆ ಪುಣ್ಯಾತ್ಮರು! ಇರುವುದೊಂದು ಗೂಡು. ಕಾಲು ಚಾಚಿ ಮಲಗಿದರೆ ಒಲೆ, ತಲೆ ತಿರುಗಿಸಿದರೆ ಪ್ಲೈವುಡ್ಡಿನಾಚೆ ಕಕ್ಕಸು. ಕಿಟಕಿ ತೆರೆದರೆ ಕೆಳಗಿನ ಹೋಟೆಲಿನ ಕರಿದೆಣ್ಣೆ ಹೊಗೆ, ಮುಚ್ಚಿದರೆ ಮೋರಿಯ ನಾತ. ಊರ ನಡುವೆ ಅನ್ನುವುದೊಂದೇ ಹೆಚ್ಚುಗಾರಿಕೆ. ಅದರಲ್ಲೂ ಆ ಹುಡುಗಿ ಪರದೆ ಹೊಲಿದು ಹಾಕಿ, ಪಾತ್ರೆ ಒಪ್ಪವಾಗಿಟ್ಟು, ಮನೆ ಮಾಡಿಕೊಂಡಿದ್ದಳು. ಬೇಸಿನ್ನಿನ ನೊರೆಯಲ್ಲಿ ಅಂಟಿದ್ದ ಕರಿ ಚೂರುಗಳನ್ನು ನೋಡಿ ನಾನು ಬಾಗಿಲಿಗೇ ಹಿಂದೆ ಸರಿದೆ.

ಬೀಗ ಯಾರೂ ಮೀಟಿರಲಿಲ್ಲ. ಭಾವ ಕಕ್ಕಸಿನೊಳಗೆ ಇಣುಕಿದರು.

"ಇಲ್ಲೇನಾದ್ರೂ ವ್ಯತ್ಯಾಸ ಕಾಣ್ತಿತ್ತಾ?"

"ಸೀಟು ಮೇಲೆತ್ತಿರುತ್ತೆ. ನೀರು ಮಾತ್ರ ಸರಿಯಾಗಿ ಬಿಟ್ಟಿರ್ತಾರೆ."

ಭಾವ ಫ್ಲಶ್ಶಿನ ಗುಂಡಿ ಒತ್ತಿದರು. ಹನಿ ನೀರೂ ಬರಲಿಲ್ಲ.

"ಅದು ಹಾಗಲ್ಲ ಅಂಕಲ್. ಕೆಟ್ಟು ಎಷ್ಟೋ ದಿನ ಆಯ್ತು, ರಿಪೇರಿ ಕೇಳಿದ್ರೆ ನಾಳೆ ನಾಳೆ ಅಂತಾರೆ." ಹುಡುಗಿ ಟ್ಯಾಂಕಿನ ಪಕ್ಕಕ್ಕೆ ಮೊಣಕೈಯಿಂದ ಗುದ್ದಿ ಗುಂಡಿ ಒತ್ತಿದಳು. ನೀರು ಧುಮುಕಿತು.

"ಈ ಉಪಾಯ ಯಾರಿಗಾದ್ರೂ ಹೇಳಿದೀಯಾ?"

"ಛೀ, ಇದನ್ನೆಲ್ಲ ಯಾರಿಗೆ ಹೇಳ್ಲಿ?"

ಭಾವ ಮುಗುಳ್ನಕ್ಕು, ಸಂಜೆ ಎಲ್ಲರನ್ನೂ ಇಲ್ಲಿಗೇ ಕರೆಯಲು ನನ್ನನ್ನು ಕೆಳಗೆ ಅಟ್ಟಿದರು. ಮನೆಯೊಡತಿಯ ಬಾಗಿಲ ಹೊರಗೆ, ಮೊಳೆಯಲ್ಲಿ, ಎಲ್ಲ ಕೋಣೆಗಳ ಬದಲಿ ಕೀಲಿಗಳ ಗೊಂಚಲು ಯಾರ ಕೈಗಾದರೂ ಸಿಗುವಂತೆ ನೇತಾಡುತ್ತಿತ್ತು. ಆಕೆ ಒಳಗಿನಿಂದಲೇ ಕೂಗಿದಳು: "ಕಾಲಿಡ್ಬೇಡಿ, ಈಗಷ್ಟೇ ಒರೆಸಿದೀನಿ!" ಅವಳ ಗಂಡನೂ ಮೆಟ್ಟಿಲ ಮೇಲೆಯೇ ಪೇಪರು ಹಿಡಿದು ಕೂತಿದ್ದರು. "ಪಾಪ, ಚಿಕ್ಕ ಹುಡುಗಿ. ಹೋಗ್ಲಿ ಬಿಡೇ," ಎಂದು ನುಣ್ಣಗಿನ ಗಲ್ಲ ಸವರಿಕೊಂಡರು. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ ನಾನು, ನನ್ನ ಬುದ್ಧಿಗಿಷ್ಟು! ಎದೆಯುದ್ದ ಗಡ್ಡದ ಕಾವಲುಗಾರನಿಗೂ, ಹುಡುಗಿಯ ಎದುರು ಕೋಣೆಯ ಜಿಮ್ ಮಾಸ್ತರನಿಗೂ ಹೇಳಿ ಬಂದೆ. ನನ್ನ ಅನುಮಾನವೆಲ್ಲ ಆ ಜಿಮ್ ಮಾಸ್ತರನ ಮೇಲೆಯೇ ಇತ್ತು.

ಸಂಜೆ ಆ ಗೂಡಿನಲ್ಲಿ ನಾವೆಲ್ಲ ಭುಜಕ್ಕೆ ಭುಜ ತಾಗಿಸಿ ನಿಂತೆವು. ಭಾವ ಕಿಟಕಿ ಮುಚ್ಚಿ, ಕಮೋಡಿನ ಮುಚ್ಚಳ ತೆಗೆದರು. ಅಯ್ಯಯ್ಯಪ್ಪಾ! ಕೊಳೆತ ಮೊಟ್ಟೆಗಳನ್ನು ಒಡೆದು ಹಾಕಿಟ್ಟಿದ್ದರು ಮಹಾನುಭಾವರು.

"ಯಾರಾದ್ರೂ ನೀರು ಬಿಡ್ರಿ!" ಎಂದು ಮನೆಯೊಡತಿ ಚೀರಿದಳು.

ಜಿಮ್ ಮಾಸ್ತರ ಗುಂಡಿ ಒತ್ತಿದ; ನೀರು ಬರಲಿಲ್ಲ. ಕಾವಲುಗಾರ ಒತ್ತೊತ್ತಿ ಸೋತ. ಮನೆಯೊಡತಿ ಮೂಗಿಗೆ ಕರವಸ್ತ್ರ ಹಿಡಿದು ತಾನೇ ಒತ್ತಿದಳು, ಶಪಿಸಿದಳು. ಓಕರಿಸುತ್ತಿದ್ದ ಗಂಡ ತಡೆಯಲಾರದೆ, "ಸರೀರಿ ಆಚೆ!" ಎಂದು ನುಗ್ಗಿ, ಟ್ಯಾಂಕಿನ ಪಕ್ಕಕ್ಕೆ ಮೊಣಕೈಯಿಂದ ಗುದ್ದಿ ಗುಂಡಿ ಒತ್ತಿದರು. ನೀರು ಧುಮುಕಿತು.

ಭಾವ ಕಿಟಕಿ ತೆರೆದರು.

"ಕೀಲಿ ಎಲ್ಲರ ಕೈಗೂ ಸಿಗುತ್ತೆ. ಅದರಿಂದ ಕಳ್ಳ ಸಿಗಲ್ಲ. ಆದ್ರೆ ಬಂದೋನು ಗಡ್ಡ ಬೋಳಿಸ್ಕೊಂಡಿದಾನೆ, ಕಾವಲುಗಾರನ ಗಡ್ಡ ನೋಡಿ! ಜಿಮ್ ಮಾಸ್ತರನಿಗೆ ಎದುರಿಗೇ ಸ್ವಂತ ಬೇಸಿನ್ನಿದೆ. ಬೇರೆಯವರ ಬೇಸಿನ್ನು ಬೇಕಾಗೋದು, ಸ್ವಂತ ಮನೆಯೊಳಗೇ ಕಾಲಿಡೋ ಹಾಗಿಲ್ದೋರಿಗೆ. ಆದ್ರೂ ಇದೆಲ್ಲ ಬರೀ ಊಹೆ. ಈ ಕೆಟ್ಟ ಫ್ಲಶ್ಶಿನ ಉಪಾಯ ಮಾತ್ರ ಇಲ್ಲಿಗೆ ಮತ್ತೆ ಮತ್ತೆ ಬಂದೋರಿಗಷ್ಟೇ ಗೊತ್ತು. ಹೇಸಿಗೆ ಆದಾಗ ಮನುಷ್ಯ ಯೋಚನೆ ಮಾಡಲ್ಲ, ಕೈ ತಾನೇ ಓಡುತ್ತೆ. ಅದಕ್ಕೇ ಈ ಮೊಟ್ಟೆ."

ಗಂಡ ಇಂಗು ತಿಂದ ಮಂಗನಂತಾದರು. "ಮನೇಲಿ ಒಂದು ಕೂದ್ಲು ಬಿದ್ರೂ ರಂಪ ಮಾಡ್ತಾಳೆ. ಒಂದು ಗಳಿಗೆ ನೆಮ್ಮದಿಯಾಗಿ ಮಲಗೋಣ ಅಂತ..."

"ಇವ್ರು ನನ್ನ ಬೈತಿದ್ದಾಗ ನೀವು ಪಕ್ಕದಲ್ಲೇ ನಿಂತಿದ್ರಲ್ಲ," ಎಂದಳು ಹುಡುಗಿ. ನನಗೆ ಆ ಮನುಷ್ಯನಿಗಿಂತ ಕೊಳೆತ ಮೊಟ್ಟೆಯೇ ವಾಸಿ ಅನ್ನಿಸಿತು.

"ಹೊಸ ಬೀಗ, ಕೀಲಿ ನನ್ನ ಹತ್ರ ಮಾತ್ರ. ಹೊಸ ಹಾಸಿಗೆ. ಅಣ್ಣನಿಗೆ ಫೋನ್ ಬೇಡ," ಎಂದಳು ಹುಡುಗಿ. ಮನೆಯೊಡತಿ ಎಲ್ಲದಕ್ಕೂ ತಲೆಯಾಡಿಸಿ, ಗಂಡನ ತಲೆಯ ಮೇಲೆ ಹಳೆಯ ಹಾಸಿಗೆ ಹೊರಿಸಿ, ಇಳಿದುಹೋದಳು.

ಎಲ್ಲರೂ ಹೋದ ಮೇಲೆ ನಾನು ಕೇಳಿದೆ: "ಇಷ್ಟಾದ್ಮೇಲೂ ಇಲ್ಲೇ ಇರ್ತೀಯೇನಮ್ಮಾ? ತಪ್ಪು ನಿಂದಲ್ಲ. ಅಣ್ಣನಿಗೆ ನಿಜ ಹೇಳಿ ಬೇರೆ ಕೋಣೆ ನೋಡ್ಬಾರ್ದಾ?"

"ನಿಜ ಹೇಳಿದ್ರೂ ಅಣ್ಣ ನನ್ನನ್ನೇ ಕರ್ಕೊಂಡು ಹೋಗೋದು ಅಂಕಲ್," ಎಂದಳು. ಫಿನಾಯಿಲಿನ ಬಾಟಲಿಯನ್ನು ಪೂರ್ತಿ ಬೇಸಿನ್ನಿಗೆ ಸುರಿದು ಉಜ್ಜತೊಡಗಿದಳು.