ದೇವಡಿಯ ಹೊಸ್ತಿಲು

“ಹುಗಿದ ಮಾಟ ಹುಗಿದ ಜಾಗದಾಗನ ತಗೀಬೇಕ್ರೀ. ಅಲ್ಲೀತನಕ ಈ ಗ್ವಾಡಿಗೆ ಕೈ ಹಚ್ಚಬ್ಯಾಡ್ರಿ,” ಎಂದ ಜಾಲಹಳ್ಳಿಯ ಮಂತ್ರವಾದಿ ಸಾಬಣ್ಣ. ಶಂಭುಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾನ್ವಿಯಿಂದ ಬಂದ ಗುತ್ತಿಗೆದಾರ ಅವನು, ಮಾಟ ಗೀಟ ನಂಬುವವನಲ್ಲ. ರಾಯಚೂರು ಕೋಟೆಯೊಳಗಿನ ನಿಜಾಮರ ಕಾಲದ ದೇವಡಿಯನ್ನು, ಆ ದೊಡ್ಡ ಕಲ್ಲಿನ ಮನೆಯನ್ನು, ಕೆಡವಿ ಲಾಡ್ಜು ಕಟ್ಟಬೇಕಿತ್ತು. ಒಳಗಿದ್ದ ಕುಬ್ರಾ ಬೇಗಂ ಏನು ಮಾಡಿದರೂ ಮನೆ ಬಿಡುತ್ತಿರಲಿಲ್ಲ.

“ನಾ ಯಾಕ ನಂಬಲಿ? ಆ ಮುದುಕಿ ನಂಬಿದ್ರ ಸಾಕು. ಹುಗಿ.”

ಅವಳು ದರ್ಗಾಕ್ಕೆ ಹೋದ ಹೊತ್ತು ನೋಡಿ ಸಾಬಣ್ಣ ತೇಗದ ಹೊಸ್ತಿಲಿನ ಅಡಿ ಮರವನ್ನೇ ಕೊರೆದ. ಕೂದಲು, ಸುಡುಗಾಡಿನ ಬೂದಿ ತುಂಬಿ ಮೊಳೆ ಜಡಿದ. ಈ ಹೊಸ್ತಿಲು ಯಾರದೋ, ಅವರ ಮುಂದೆ ದೀಪ ನಿಲ್ಲಬಾರದು. ಅದೇ ಮಾಟ.

ಅಂದಿನಿಂದ ಕುಬ್ರಾ ಬೇಗಂ ಗೋಡೆಯ ಗೂಡಿನಲ್ಲಿ ಹಚ್ಚಿಟ್ಟ ದೀಪ ಗಾಳಿಯಿಲ್ಲದೆ ಆರತೊಡಗಿತು. ಲೋಬಾನದ ಹೊಗೆಯೊಳಗೆ ಸುಟ್ಟ ಕೂದಲಿನ ನಾತ. ಹೊಸ್ತಿಲಡಿ ಉಗುರು ಕೆರೆದ ಸದ್ದು. ಸೊಸೆ ಮಕ್ಕಳನ್ನೆತ್ತಿಕೊಂಡು ತವರಿಗೆ ಓಡಿದಳು. ದೇವಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದ ಊರಿನ ದೊಡ್ಡ ಮನುಷ್ಯರಿಗೆ ಎಲ್ಲವೂ ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ಥೂ, ಅವರ ಜನ್ಮಕ್ಕಿಷ್ಟು.

“ನನ್ನ ಓಡಿಸು ಯಪ್ಪಾ, ಮನಿ ಕೆಡವಬ್ಯಾಡ,” ಎಂದಳು ಮುದುಕಿ ಶಂಭುಲಿಂಗಪ್ಪನಿಗೆ, ಗಂಟು ಹೊತ್ತು ಹೊರಗೆ ಬಂದು. “ಗ್ವಾಡಿ ನಿನಗೇನು ಮಾಡ್ಯಾವ?”

ಮರುದಿನವೇ ಹಾರೆ ಬಿತ್ತು. ಹೂಬಳ್ಳಿ ಕೆತ್ತಿದ ಕಲ್ಲುಗಳನ್ನು ಕಂದಕಕ್ಕೆ ನೂಕಿದರು. ಬಾಗಿಲಿನ ತೇಗದ ಚೌಕಟ್ಟು ಮಾತ್ರ ಹೊಸ್ತಿಲ ಸಮೇತ ಲಾರಿ ಹತ್ತಿತು. ಹಳೇ ತೇಗ ಬಿಡುವವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಶಂಭುಲಿಂಗಪ್ಪ ಅದನ್ನು ಮಾನ್ವಿಯ ತನ್ನ ಹೊಸ ಮನೆಗೆ ಕೂಡಿಸಿ, ಹೊಸ್ತಿಲಿಗೆ ಅರಿಶಿನ ಬಳಿಸಿದ. ನಂಬದವನಿಗೆ ಮೊಳೆಯ ನೆನಪೆಲ್ಲಿ ಬರಬೇಕು!

ಸಂಜೆ ಹೆಂಡತಿ ಭೀಮವ್ವ ದೀಪ ಹಚ್ಚಿದಳು. ಆರಿತು. ಮತ್ತೆ ಹಚ್ಚಿದಳು. ಆರಿತು. ಕತ್ತಲು. ಸುಟ್ಟ ಕೂದಲಿನ ನಾತ. ಕೆಳಗೆ ಕೆರೆತ. ತೊಟ್ಟಿಲ ಕೂಸು ಕಿಟಾರನೆ ಚೀರಿತು. ಭೀಮವ್ವ ಕೂಸನ್ನೆತ್ತಿಕೊಂಡು ದೇವದುರ್ಗದ ತವರಿಗೆ ನಡೆದೇಬಿಟ್ಟಳು. ಹಿಂದೆಯೇ ಹೋದ. ಅವನು ಒಳಗೆ ಕಾಲಿಟ್ಟದ್ದೇ ತಡ, ಆ ಮನೆಯ ದೀಪವೂ ಆರಿತು. ಮಾವ ಅವನನ್ನು ಹೊರಗೆ ದಬ್ಬಿದ.

ಶಂಭುಲಿಂಗಪ್ಪ ಸಾಬಣ್ಣನ ಕಾಲಿಗೆ ಬಿದ್ದ.

“ತಗೀತೀನ್ರೀ, ಹುಗಿದ ಜಾಗದಾಗನ. ಆ ಗ್ವಾಡಿ ಎಲ್ಲದ?”

“ಹೊಸ್ತಿಲಾ ಸುಟ್ಟ ಬಿಡ್ತೀನಿ.”

“ಸುಟ್ರ ಸಾಯೋತನಕ ನಿಮ್ಮ ಮೈಯಾಗ ಉಳೀತದ.”

ಕಂದಕಕ್ಕಿಳಿದ. ಉಗುರು ಕಿತ್ತು ಬರುವತನಕ ಕಲ್ಲು ಹೊತ್ತ. ಜೋಡಿಸಿದ. ಬಿತ್ತು. ಜೋಡಿಸಿದ. ಬಿತ್ತು. ಯಾವ ಕಲ್ಲಿನ ಮೇಲೆ ಯಾವ ಕಲ್ಲಿತ್ತು? ಕೆಡವುವಾಗ ಅವನು ನೋಡಿದ್ದರೆ ತಾನೆ. ಕೊನೆಗೆ, ನೆಂಟರ ಕೋಣೆಯೊಂದರಲ್ಲಿ ಬಿದ್ದಿದ್ದ ಕುಬ್ರಾ ಬೇಗಮಳ ಬಾಗಿಲಿಗೆ ಬಂದು ಕೈ ಮುಗಿದ.

“ಯವ್ವಾ, ಗ್ವಾಡಿ ಹೆಂಗಿತ್ತು ಹೇಳು. ನನ್ನ ಕೂಸಿನ ಮುಖ ನೋಡಬೇಕು.”

“ಕಲ್ಲು ಕಲ್ಲು ನೆನಪದ,” ಎಂದಳು ಮುದುಕಿ. “ಹೇಳಂಗಿಲ್ಲ.”

ಅವನು ಮೆಟ್ಟಿಲಿಗೆ ಕಾಲಿಟ್ಟ. ಒಳಗಿನ ಬೆಳಕು ನಡುಗಿತು.

“ದೂರ ನಿಂದ್ರು. ನನ್ನ ದೀಪ ಅದ ಒಳಗ,” ಎಂದು ಅವಳು ಬಾಗಿಲು ಹಾಕಿಕೊಂಡಳು.