ಎಂಟು ಒತ್ತದೆ ಬಂದ ಎಂಟುಗಳು

“ಒತ್ತು, ಒತ್ತು! ಎಂಟು ಒತ್ತು ನೋಡೋಣ!” ಕಿಯತ್ ಬೆಂಚಿನ ಮೇಲೆ ಬಗ್ಗಿ ಪೀಡಿಸಿದ.

ಹ್ವೀ ಲಿಂಗ್ ಒತ್ತಿದಳು. ಏನೂ ಬರಲಿಲ್ಲ. ಅವಳ ಕ್ಯಾಲ್ಕುಲೇಟರ್‌ನಲ್ಲಿ ಎಂಟರ ಗುಂಡಿ ಕೆಟ್ಟು ವರ್ಷಗಳೇ ಆಗಿದ್ದವು.

“ಎಲ್ಲಾ ಬಿಟ್ಟು ಎಂಟೇ ಹೋಗ್ಬೇಕಾ? ಅದೃಷ್ಟದ ನಂಬರ್ ಕಣೇ ಅದು! ನಿಮ್ಮ ತಾತ ಅಂಗಡಿ ಮುಚ್ಚಿದ್ದು ಇದಕ್ಕೇ ಇರ್ಬೇಕು!”

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಹ್ವೀ ಲಿಂಗ್‌ಗೆ ಅಳುವೇ ಬಂದಂತಾಯಿತು.

ಮಲೇಷ್ಯಾದ ಪೆನಾಂಗ್‌ನ ಆ ಚೀನೀ ಶಾಲೆಯಲ್ಲಿ ಅಂದು ಗಣಿತದ ದಿನ. ಐದನೇ ಕ್ಲಾಸಿನ ಒಬ್ಬೊಬ್ಬರೂ ಒಂದು ದೊಡ್ಡ ಸಂಖ್ಯೆಯ ಚಮತ್ಕಾರವನ್ನು ತಮ್ಮ ಕ್ಯಾಲ್ಕುಲೇಟರ್‌ನಲ್ಲಿ ತೋರಿಸಬೇಕಿತ್ತು. ಹ್ವೀ ಲಿಂಗ್ ಹತ್ತಿರ ಇದ್ದದ್ದು ತಾತನ ಬಟ್ಟೆ ಅಂಗಡಿಯ ಹಳೆಯದು. “ಈ ಡಬ್ಬಾ ತಗೊಂಡ್ಹೋದ್ರೆ ನನ್ನ ಮರ್ಯಾದೆ ಹೋಗುತ್ತೆ!” ಎಂದು ಶನಿವಾರ ತಾತನ ಮೇಲೇ ರೇಗಿದ್ದಳು. ಅಂದು ಬೆಳಗ್ಗೆ ತಾತ ಒಂದು ಚೀಟಿ ಕೈಗಿಟ್ಟು, “ಇವೆರಡನ್ನ ಗುಣಿಸು, ಸಾಕು” ಎಂದಿದ್ದರು. ಅವಳು ಮುಖ ಕೊಟ್ಟು ಮಾತನಾಡದೆ ಹೊರಟುಬಂದಿದ್ದಳು.

“ಹ್ವೀ ಲಿಂಗ್, ಬಾಮ್ಮ” ಎಂದು ಓಂಗ್ ಟೀಚರ್ ಕರೆದರು.

ಚೀಟಿ ನೋಡಿ ಬೋರ್ಡಿನ ಮೇಲೆ ಬರೆದಳು: 12345679 × 72.

“ಟೀಚರ್, ಏಳಾದ್ಮೇಲೆ ಒಂಬತ್ತು ಬರ್ದಿದಾಳೆ! ಅಲ್ಲೂ ಎಂಟಿಲ್ಲ!” ಕಿಯತ್ ಕೂಗಿದ.

ಅವಳು ಒಂದೊಂದೇ ಗುಂಡಿ ಒತ್ತಿದಳು. ಉತ್ತರ ಮೂಡಿತು: 888888888.

ಕಿಯತ್ ಓಡಿಬಂದು ತಾನೇ ಮತ್ತೊಮ್ಮೆ ಒತ್ತಿದ. ಅದೇ ಒಂಬತ್ತು ಎಂಟುಗಳು! “ಅಯ್ಯೋ, ಎಂಟು ಒತ್ತಲೇ ಇಲ್ವಲ್ಲೋ!”

“ಈಗ ಬರೀ ಒಂಬತ್ತರಿಂದ ಗುಣಿಸು” ಎಂದರು ಟೀಚರ್. 111111111 ಬಂತು.

“ಗೊತ್ತಾಯ್ತು ಟೀಚರ್! ಒಂಬತ್ತೆಂಟ್ಲಿ ಎಪ್ಪತ್ತೆರಡು. ಅದಕ್ಕೇ ಅಲ್ಲಿರೋ ಒಂದೊಂದು ಒಂದೂ ಎಂಟಾಗುತ್ತೆ!” ಎಂದಳು ಹ್ವೀ ಲಿಂಗ್. ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು.

ಕ್ಯಾಲ್ಕುಲೇಟರನ್ನು ಅದರ ಚೀಲಕ್ಕೆ ತೂರಿಸುವಾಗ ಏನೋ ಅಡ್ಡ ಬಂತು. ತಾತ ಮರೆತಿದ್ದ ಕಾಗದಗಳು. ಉದ್ದಕ್ಕೂ ಒಂಬತ್ತು ಎಂಟುಗಳನ್ನು ಭಾಗಿಸಿದ ಸೊಟ್ಟಪಟ್ಟ ಅಕ್ಷರದ ಲೆಕ್ಕಗಳು, ಒಂದೊಂದರ ಕೆಳಗೂ ಸಿಕ್ಕ ಜೋಡಿ. 98765432 × 9, ‘ಎಂಟು ಇದೆ, ಬೇಡ.’ 148148148 × 6, ‘ಇದರಲ್ಲೂ ಇದೆ.’ 444444444 × 2, ‘ಯಾರು ಬೇಕಾದರೂ ಹೇಳುತ್ತಾರೆ.’ ಹೀಗೆ ನಾಲ್ಕು ಹಾಳೆ, ಎಲ್ಲದಕ್ಕೂ ಗೀಟು.

ಸಂಜೆ ಅಡುಗೆಮನೆಯಲ್ಲಿ ತಾತ ಚಹಾಕ್ಕೆ ನೀರಿಟ್ಟಿದ್ದರು. “ಎಂಟು ಬಂತೇನೇ?”

“ಬಂತು ತಾತ. ಇಷ್ಟೆಲ್ಲಾ ಲೆಕ್ಕ ಕೈಯಲ್ಲೇ ಯಾಕೆ ಮಾಡಿದ್ರಿ?”

“ಮತ್ತೇನ್ಮಾಡ್ಲಿ? ಎಂಟುಗಳನ್ನ ಭಾಗಿಸೋಣ ಅಂದ್ರೆ, ನಿನ್ನ ಡಬ್ಬಾದಲ್ಲಿ ಎಂಟೇ ಇಲ್ವಲ್ಲ!” ತಾತ ಹೊಟ್ಟೆ ಹಿಡಿದು ನಕ್ಕರು.

ಹ್ವೀ ಲಿಂಗ್‌ಗೆ ನಗು ಬರಲಿಲ್ಲ. ಅವಳು ತಾತನನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಚಹಾ ಬಗ್ಗಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಮುಂದೆ ಚಾಚಿದಳು.

“ಇದೇನೇ? ಹಿರಿಯರಿಗೆ ಹೀಗೆ ಚಹಾ ಕೊಡೋಕೆ ಇವತ್ತೇ ಹೊಸ ವರ್ಷ ಬಂತಾ?” ಎನ್ನುತ್ತಾ ತಾತ ಕೂಡ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡರು.